ಕಪ್ಪು ನಾಲಿಗೆ

"ನಾಲಿಗೆ," ಅಂದರು ಕ್ವಾಂಗ್ ಶೌಪು. ಅಷ್ಟೇ. ರೋಗಿಯ ಮುಂದೆ ಒಂದು ಮಾತಿನ ಮೇಲೆ ಇನ್ನೊಂದು ಆಡುವುದೆಂದರೆ ಆ ಪಂಡಿತರಿಗೆ ಮಾನಗೇಡು. ಟಾಂಗ್ ಅಜ್ಜಿ ಬೊಚ್ಚುಬಾಯಿ ತೆರೆದು ನಾಲಿಗೆ ಚಾಚಿದಳು. ಮೇಜಿನ ಬದಿಯಲ್ಲಿ ಔಷಧಿ ಚೀಟಿ ಬರೆಯಲು ಕೂತಿದ್ದ ಪೇಲಾನ್, ಪಂಡಿತರ ಒಬ್ಬಳೇ ಮಗಳು, ಅಭ್ಯಾಸದಂತೆ ಉಸಿರು ಬಿಗಿಹಿಡಿದಳು.

ಅವಳಿಗೆ ನಾಲಿಗೆಗಳೆಂದರೆ ಅಸಹ್ಯ. ವೈದ್ಯರ ಮನೆಯಲ್ಲಿ ಹುಟ್ಟಿ, ಪ್ರಾಂತ್ಯದ ಕಾಲೇಜಿನಲ್ಲಿ ಅದೇ ಚೀನೀ ವೈದ್ಯಶಾಸ್ತ್ರ ಓದಿ, ತಲೆಗೂದಲು ನೆರೆಯುವವರೆಗೆ ಅಪ್ಪನ ಮದ್ದಿನಂಗಡಿಯಲ್ಲೇ ಕೂತರೂ ಅದು ಹೋಗಿರಲಿಲ್ಲ. ಹಳದಿ ಪಾಚಿ ಕಟ್ಟಿದ ನಾಲಿಗೆ, ಬಿರುಕು ಬಿಟ್ಟ ನಾಲಿಗೆ, ಅಂಚಿನಲ್ಲಿ ಹಲ್ಲಿನ ಅಚ್ಚು ಬಿದ್ದ ದಪ್ಪ ನಾಲಿಗೆ. ಅದರ ಹಿಂದೆಯೇ ಬೆಳ್ಳುಳ್ಳಿ, ಹೊಗೆಸೊಪ್ಪು, ಹುಳಿತ ಹೆಂಡ, ಕೊಳೆತ ದವಡೆಯ ಗಬ್ಬು. ಕೆಲವು ತಾಯಂದಿರು ಮಗುವಿನ ಹೇಲನ್ನು ಎಲೆಯಲ್ಲಿ ಕಟ್ಟಿ ತಂದು ಮೇಜಿನ ಮೇಲೆ ಬಿಚ್ಚುವುದೂ ಉಂಟು. ಅದನ್ನೂ ಬಗ್ಗಿ ಮೂಸಬೇಕು. ಬಡಿಸಿದ ತಟ್ಟೆಯ ಮುಂದೆ ಕೂತಾಗ ಪೇಲಾನ್‌ಗೆ ಬೆಳಿಗ್ಗೆ ಕಂಡ ಬಾಯಿಗಳೇ ಕಣ್ಣಿಗೆ ಬರುತ್ತಿದ್ದವು.

ಟಾಂಗ್ ಅಜ್ಜಿಯ ನಾಲಿಗೆ ನಡುವಿನಿಂದ ಬುಡದವರೆಗೆ ಕಪ್ಪಾಗಿತ್ತು. ಪಂಡಿತರ ಹುಬ್ಬು ಮೇಲೇರಿತು. ಕಪ್ಪು ನಾಲಿಗೆ ಎಂದರೆ ಒಳಗಿನ ನೀರು ಬತ್ತಿ ಬುಡವೇ ಸುಟ್ಟಿದೆ ಎಂದು ಲೆಕ್ಕ. ಅದನ್ನು ನೋಡಿದ ವೈದ್ಯ ಔಷಧಿ ಬರೆಯುವುದಿಲ್ಲ. ಅವರು ಅಜ್ಜಿಯ ಮಣಿಕಟ್ಟನ್ನು ಪುಟ್ಟ ದಿಂಬಿನ ಮೇಲೆ ಇರಿಸಿ ಮೂರು ಬೆರಳಿಟ್ಟು ಕಣ್ಣು ಮುಚ್ಚಿದರು.

ನೋಡಬೇಕು, ದನಿ ಉಸಿರು ಗಮನಿಸಬೇಕು, ಪ್ರಶ್ನೆ ಕೇಳಬೇಕು, ನಾಡಿ ಹಿಡಿಯಬೇಕು ಎಂದು ಗ್ರಂಥಗಳು ನಾಲ್ಕು ದಾರಿ ಹೇಳುತ್ತವೆ. ಹೆಂಗ್‌ಛೀ ಪೇಟೆಯ ಜನ ಮಾತ್ರ ಮೂರನೆಯದನ್ನು ಒಪ್ಪುವುದಿಲ್ಲ. ಅಲ್ಲಿ ರೋಗಿ ಕೈ ಚಾಚಿ, ತುಟಿ ಹೊಲಿದುಕೊಂಡು ಕೂರುತ್ತಾನೆ. ಏನಾಗಿದೆ ಎಂದು ವೈದ್ಯನೇ ಹೇಳಬೇಕು. "ಏನು ತೊಂದರೆ?" ಎಂದು ಕೇಳಿದವನು ಏನೂ ಗೊತ್ತಿಲ್ಲದವನು, ಮುಂದಿನ ಸಲ ಅವನ ಅಂಗಡಿಗೆ ನೊಣವೂ ಬರುವುದಿಲ್ಲ. ಕ್ವಾಂಗ್ ಶೌಪು ಹೆಸರು ಮಾಡಿದ್ದೇ ಕೇಳದೆ ಇದ್ದುದರಿಂದ. ಅವರ ಬೆರಳು ನಾಡಿಯ ಮೇಲಿರುವಾಗ ಅಂಗಡಿಯಲ್ಲಿ ಯಾರೂ ಕೆಮ್ಮುವಂತೆಯೂ ಇರಲಿಲ್ಲ.

ಆದರೆ ಆ ಕಪ್ಪು ಎಲ್ಲಿಂದ ಬಂತೆಂದು ಪೇಲಾನ್‌ಗೆ ಗೊತ್ತಿತ್ತು. ಸರದಿ ಕಾಯುತ್ತಾ ಬೆಂಚಿನ ಮೇಲೆ ಕೂತಿದ್ದ ಅಜ್ಜಿ ಒಣಕೆಮ್ಮಿನಲ್ಲಿ ನರಳುತ್ತಿದ್ದಳು. ಪೇಲಾನ್ ಮದ್ದಿನ ಗೂಡಿನಿಂದ ಹೊಗೆಯಲ್ಲಿ ಒಣಗಿಸಿದ ಹುಳಿಹಣ್ಣು ಒಂದು ಹಿಡಿ ತೆಗೆದು, ಗಂಟಲು ನೆನೆಯಲಿ ಎಂದು ಕೊಟ್ಟಿದ್ದಳು. ಇದ್ದಿಲಿನ ಹಾಗೆ ಕಪ್ಪಗಿರುವ ಹಣ್ಣು ಅದು. ನೇರಳೆ ತಿಂದ ಮಗುವಿನ ನಾಲಿಗೆ ನೋಡಿ ಯಾವ ತಾಯಿಯೂ ಎದೆ ಬಡಿದುಕೊಳ್ಳುವುದಿಲ್ಲ. ಬಣ್ಣ ಹತ್ತಿದ ನಾಲಿಗೆಗೆ ಮೋಸಹೋಗಬೇಡಿ ಎನ್ನುವುದು ಕಾಲೇಜಿನಲ್ಲಿ ಮೊದಲ ವಾರದ ಪಾಠ.

"ಅಪ್ಪಾ," ಅಂದಳು.

ಪಂಡಿತರು ಕಣ್ಣು ತೆರೆಯದೆ ಎಡಗೈ ಎತ್ತಿ ತಡೆದರು. ಆಮೇಲೆ ಅಜ್ಜಿಯ ಹಿರಿಮಗ ಗೆನ್‌ಫುವನ್ನು ಪರದೆಯ ಆಚೆಗೆ ಕರೆದು, "ಮನೆಗೆ ಕರ್ಕೊಂಡು ಹೋಗಪ್ಪ. ಏನು ಕೇಳ್ತಾರೋ ಮಾಡಿ ಹಾಕಿ," ಅಂದರು. ಆ ಮಾತಿಗೆ ಆ ಕಡೆಯಲ್ಲಿ ಒಂದೇ ಅರ್ಥ. ಗೆನ್‌ಫು ಕಣ್ಣೊರೆಸಿಕೊಂಡು ತಾಯಿಯನ್ನು ಮೂರು ಚಕ್ರದ ಗಾಡಿಗೆ ಹತ್ತಿಸಿದ. ಅಜ್ಜಿ ಪೇಲಾನ್ ಕಡೆ ನೋಡಿ, ಉಬ್ಬಿದ ಕೆನ್ನೆ ಮುಟ್ಟಿ ತೋರಿಸಿ ನಕ್ಕಳು. ಹಣ್ಣು ಇನ್ನೂ ದವಡೆಯಲ್ಲೇ ಇತ್ತು.

ಗಾಡಿ ತಿರುವು ದಾಟುವ ಮೊದಲೇ ಪೇಲಾನ್ ಅಪ್ಪನ ಎದುರು ನಿಂತಿದ್ದಳು. "ಅದು ಹುಳಿಹಣ್ಣಿನ ಬಣ್ಣ ಅಪ್ಪಾ. ನಾನೇ ಕೊಟ್ಟಿದ್ದೆ. ಆಕೆಗಿರೋದು ಬರೀ ಕೆಮ್ಮು."

ಪಂಡಿತರು ಕಿರುಬೆರಳಿನ ಉದ್ದ ಉಗುರನ್ನು ಕಿವಿಯೊಳಗೆ ತಿರುಗಿಸುತ್ತಿದ್ದರು. "ನಾಡಿನೂ ಅದನ್ನೇ ಹೇಳ್ತು," ಅಂದರು.

"ನಾಲಿಗೆ ನೋಡಿ ನೀವು ತೀರ್ಮಾನ ಮಾಡಾಗಿತ್ತು. ಆಮೇಲೆ ನಾಡಿ ಇನ್ನೇನು ಹೇಳುತ್ತೆ? ನೀವು ಹೇಳಿಸಿದ್ದು ಹೇಳುತ್ತೆ."

"ಹಾಗಾದ್ರೆ ಏನ್ಮಾಡ್ಲಿ? ಈ ವಯಸ್ಸಲ್ಲಿ ಅವರ ಹಳ್ಳಿಗೆ ಹೋಗಿ, ನನ್ನ ಕಣ್ಣು ಮೋಸ ಹೋಯ್ತು ಕಣ್ರಪ್ಪಾ ಅಂತ ಕೈ ಮುಗೀಲಾ?" ಉಗುರಿನ ತುದಿಗೆ ಬಂದ ಗುಗ್ಗೆಯನ್ನು ನೋಡಿ ಮೇಜಿನ ಅಂಚಿಗೆ ಒರೆಸಿದರು. "ಎಂಬತ್ತು ದಾಟಿದ ಮುದುಕಿ. ಇವತ್ತಲ್ಲ ನಾಳೆ ಹೋಗೋದೇ. ಬಾಯಿ ಮುಚ್ಕೊಂಡು ಚೀಟಿ ಬರಿ."

ಅವಳು ಆ ಮೇಜಿನ ಅಂಚನ್ನು ಬಿಸಿನೀರು ಹಾಕಿ ತಿಕ್ಕಿದಳು. ಮಾರನೆಯ ದಿನ ಗೆನ್‌ಫುಗೆ ಫೋನು ಮಾಡಿದಳು. "ಸಮಾಧಾನ ಹೇಳಕ್ಕೆ ಮಾಡಿದ್ರಾ ಅಕ್ಕಾ? ನಾವು ಮನಸ್ಸು ಗಟ್ಟಿ ಮಾಡ್ಕೊಂಡಿದೀವಿ ಬಿಡಿ," ಅಂದ. ಹಾಗಲ್ಲ, ನಾಲಿಗೆಯ ಕಪ್ಪು ಹಣ್ಣಿನದು ಅಂದದ್ದಕ್ಕೆ ಅವನ ದನಿ ಬಿಗಿಯಾಯಿತು. "ಪಂಡಿತ್ರು ಹೇಳಿದ್ಮೇಲೆ ಮಗಳದ್ದೇನು ಅಕ್ಕಾ ನಡುವೆ? ಅವರಿಗಿಂತ ನೀವು ದೊಡ್ಡೋರಾ?" ಎಂದು ಇಟ್ಟುಬಿಟ್ಟ. ಖುದ್ದಾಗಿ ಹೋಗಬೇಕಿತ್ತು. ಹೋಗಲಿಲ್ಲ. ಅಪ್ಪನ ಮೇಲಿನ ಹೇಸಿಗೆಯಲ್ಲಿ ಅರ್ಧ ತನ್ನ ಮೇಲೂ ಬಂತು.

ವಾರ ಮುಗಿಯುವ ಮೊದಲೇ ಗೆನ್‌ಫು ಗಾಡಿ ತಗೊಂಡು ಬಂದ. ಅವ್ವನ ಜೀವ ಹೋಗುತ್ತಿಲ್ಲ, ದೂರದ ನೆಂಟರಿಗೆ ಹೇಳಿ ಕಳಿಸಿಯಾಗಿದೆ, ಇನ್ನೆಷ್ಟು ಹೊತ್ತು ಎಂದು ಪಂಡಿತರು ಕೊನೆಯ ನಾಡಿ ನೋಡಿ ಹೇಳಬೇಕು ಅಂದ. ಪೇಲಾನ್ ಕರೆಯದಿದ್ದರೂ ಗಾಡಿ ಹತ್ತಿದಳು.

ಟಾಂಗ್ ಮನೆಯ ಅಂಗಳದಲ್ಲಿ ಸಾವಿನೂಟಕ್ಕೆಂದು ಹಂದಿ ಕೊಯ್ದಾಗಿತ್ತು. ಬೇಸಿನ್ನಿನಲ್ಲಿ ರಕ್ತ ಹೆಪ್ಪುಗಟ್ಟುತ್ತಿತ್ತು, ಅದರ ಮೇಲೆ ನೊಣ. ಕಲ್ಲೊಲೆಯ ಮೇಲೆ ಕೊಬ್ಬು ಕುದಿಯುವ ವಾಸನೆ ಮನೆಯೊಳಗೂ ನುಗ್ಗಿತ್ತು. ನಡುಮನೆಯಲ್ಲಿ ಎರಡು ಬೆಂಚಿನ ಮೇಲೆ ಕದದ ಹಲಗೆ ಹಾಕಿ ಅಜ್ಜಿಯನ್ನು ಮಲಗಿಸಿದ್ದರು. ಮೈ ತಣ್ಣಗಾದ ಮೇಲೆ ತೋಳು ಬಾಗುವುದಿಲ್ಲವೆಂದು ಹೆಣದ ಬಟ್ಟೆ ಮೊದಲೇ ತೊಡಿಸಿದ್ದರು: ಮೇಲಿಂದ ಮೇಲೆ ನೀಲಿ ಅಂಗಿಗಳು, ಕಾಲಿಗೆ ಹೊಸ ಬಟ್ಟೆ ಚಪ್ಪಲಿ. ಅಷ್ಟು ಬಟ್ಟೆಯ ನಡುವೆ ಅಜ್ಜಿಯ ಮುಖ ಒಣಗಿದ ಶುಂಠಿಯಷ್ಟು ಕಾಣುತ್ತಿತ್ತು. ಕಣ್ಣು ಮಾತ್ರ ಓಡಾಡುತ್ತಿತ್ತು. ಅಜ್ಜಿ ಮಲಗುತ್ತಿದ್ದ ಒಳಕೋಣೆಯಲ್ಲಿ ಕಿರಿಮಗ ಗೆನ್‌ಷುಯಿ ಅಳತೆ ಟೇಪು ಹಿಡಿದು, ತನ್ನ ಮಗನ ಮದುವೆ ಮಂಚ ಅಲ್ಲಿ ಹಿಡಿಸುತ್ತದೋ ಇಲ್ಲವೋ ನೋಡುತ್ತಿದ್ದ.

ಹಿರಿಸೊಸೆ ಒದ್ದೆ ಹತ್ತಿಯಿಂದ ಅತ್ತೆಯ ತುಟಿ ಒತ್ತುತ್ತಿದ್ದಳು.

"ಊಟಕ್ಕೇನು ಕೊಡ್ತಿದೀರಮ್ಮಾ?" ಪೇಲಾನ್ ಕೇಳಿದಳು.

"ಊಟ ಎಲ್ಲಿಂದ ಅಕ್ಕಾ? ತೊಟ್ಟು ನೀರು. ಹೊಟ್ಟೆ ಖಾಲಿ ಇದ್ರೆ ಹಗುರವಾಗಿ ಹೋಗ್ತಾರೆ."

"ಏನು ಕೇಳ್ತಾರೋ ಮಾಡಿ ಹಾಕಿ ಅಂದಿದ್ರಲ್ಲ ನಮ್ಮಪ್ಪ?"

"ಕೇಳ್ತಾನೇ ಇದ್ರು ಬಿಡಿ. ಮೊಟ್ಟೆ ಅಂದ್ರು, ಗಂಜಿ ಅಂದ್ರು. ಸಾಯೋರ ಹಸಿವೂ ಒಂದು ಹಸಿವಾ?" ಅವಳು ಅದನ್ನು ಕೆಟ್ಟ ಮನಸ್ಸಿನಿಂದ ಹೇಳಲಿಲ್ಲ. ಹೊತ್ತು ಹೋದಂತೆ ಕೇಳುವುದನ್ನೂ ಬಿಟ್ಟರು ಎಂದು ಸೇರಿಸಿ, ಹತ್ತಿಯನ್ನು ಮತ್ತೆ ನೀರಿಗೆ ಅದ್ದಿದಳು.

ಪಂಡಿತರು ಸ್ಟೂಲಿನ ಮೇಲೆ ಕೂತು ದಿಂಬು ತೆಗೆದರು. "ನಾಲಿಗೆ."

ಅಜ್ಜಿ ನಾಲಿಗೆ ಚಾಚಿದಳು. ಒಣಗಿತ್ತು, ಅಷ್ಟೇ. ಬಣ್ಣ ತಿಳಿಗೆಂಪು, ಕಪ್ಪಿನ ಸುಳಿವೇ ಇಲ್ಲ. ಅಪ್ಪನೂ ಅದನ್ನು ನೋಡಿದ್ದನ್ನು ಪೇಲಾನ್ ಕಂಡಳು. ಈಗ ಹೇಳುತ್ತಾರೆ ಎಂದುಕೊಂಡಳು. ಮಾನ ಉಳಿಸಿಕೊಳ್ಳುವ ದಾರಿಗಳೇನು ಕಡಿಮೆಯೇ? ರೋಗ ತಿರುಗಿತು ಅನ್ನಬಹುದು, ಗಂಡಾಂತರ ಕಳೆಯಿತು ಅನ್ನಬಹುದು. ಅಜ್ಜಿ ಬದುಕಿದರೆ ಸಾಕು, ಏನು ಬೇಕಾದರೂ ಅನ್ನಲಿ.

ಪಂಡಿತರು ಬಹಳ ಹೊತ್ತು ನಾಡಿ ಹಿಡಿದರು. ಆಮೇಲೆ ತಲೆಯಾಡಿಸಿದರು.

"ಆರೋ ದೀಪ," ಅಂದರು. "ಆರೋಕೆ ಮುಂಚೆ ಒಂದ್ಸಲ ಜೋರಾಗಿ ಉರಿಯುತ್ತೆ. ಮುಖಕ್ಕೆ ಬಣ್ಣ ಬರುತ್ತೆ, ನಾಲಿಗೆ ತಿಳಿಯಾಗುತ್ತೆ. ಇವತ್ತು ಸಂಜೆಯೊಳಗೆ."

ಸೊಸೆ ಬಾಗಿಲ ಕಡೆ ತಿರುಗಿ, ಅಕ್ಕಿ ಒಲೆಗೆ ಹಾಕ್ಬಹುದು ಎಂದು ಕೂಗಿದಳು.

ಪೇಲಾನ್ ಕಂಡ ನಾಲಿಗೆಗಳು, ಎಲೆಯಲ್ಲಿ ಬಿಚ್ಚಿದ ಹೇಲು, ಆಚೆಯ ರಕ್ತದ ಬೇಸಿನ್ನು, ಯಾವುದೂ ಇಷ್ಟು ಗಲೀಜಾಗಿರಲಿಲ್ಲ. ಚೆನ್ನಾಗಿದ್ದರೆ ಅದೂ ಸಾವಿನ ಗುರುತು, ಕೆಟ್ಟಿದ್ದರೆ ಅದೂ ಸಾವಿನ ಗುರುತು. ಈ ಮೂರು ಬೆರಳಿನ ಕೆಳಗೆ ಸಿಕ್ಕ ಮುದುಕಿ ತಪ್ಪಿಸಿಕೊಳ್ಳುವುದು ಎಲ್ಲಿಂದ? ಅವಳು ಬಗ್ಗಿ ಅಪ್ಪನ ಬೆರಳುಗಳನ್ನು ಅಜ್ಜಿಯ ಕೈಯಿಂದ ಕಿತ್ತು ತೆಗೆದಳು. ಎಲ್ಲರ ಎದುರಿಗೆ. ಜಿಗಣೆ ಕಿತ್ತ ಹಾಗೆ.

"ಅಜ್ಜೀ, ಅವತ್ತು ನಮ್ಮಂಗ್ಡೀಲಿ ಏನು ತಿಂದಿದ್ರಿ?"

ಅಜ್ಜಿ ತುಟಿ ನೆಕ್ಕಿಕೊಂಡಳು. "ನೀನೇ ಕೊಟ್ಯಲ್ಲ ತಾಯೀ. ಕರೀ ಹುಳಿಹಣ್ಣು. ಒಂದನ್ನ ದವಡೇಲಿ ಇಟ್ಕೊಂಡೇ ನಾಲ್ಗೆ ತೋರ್ಸಿದೆ."

"ಹೇಳಬಾರ್ದಾಗಿತ್ತಾ?"

"ಯಾರು ಕೇಳಿದ್ರು? ಪಂಡಿತ್ರ ಮುಂದೆ ಬಾಯಿ ಬಿಡ್ಬೇಡ, ನಗೆಪಾಟ್ಲಾಗುತ್ತೆ ಅಂತ ಗೆನ್‌ಫು ದಾರಿಯುದ್ದಕ್ಕೂ ಗದರ್ಸಿದ್ದ."

ಪೇಲಾನ್ ಎದ್ದುನಿಂತಳು. "ಕೇಳಿಸ್ಕೊಂಡ್ರಾ? ಕಪ್ಪು ಹಣ್ಣಿಂದು. ಅವತ್ತು ಇವರಿಗಿದ್ದದ್ದು ಕೆಮ್ಮು. ಈಗ ಇರೋದು ಹಸಿವು. ಹಸಿವು ನೀವು ತಂದ್ಹಾಕಿದ್ದು."

ಒಳಕೋಣೆಯಲ್ಲಿ ಅಳತೆ ಟೇಪು ಸರ್ರನೆ ಡಬ್ಬಿಯೊಳಗೆ ಸುತ್ತಿಕೊಂಡ ಸದ್ದಾಯಿತು. ಗೆನ್‌ಫು ಅವ್ವನನ್ನು ನೋಡಿದ, ಪಂಡಿತರನ್ನು ನೋಡಿದ, ಅಂಗಳವನ್ನು ನೋಡಿದ.

"ಹಂದಿ ಕೊಯ್ದಾಯ್ತಲ್ಲ," ಅಂದ.

ಬಾಗಿಲಲ್ಲಿ ಅಕ್ಕಪಕ್ಕದವರು ಕತ್ತು ಚಾಚುತ್ತಿದ್ದರು. ಅವರನ್ನು ಕಂಡು ಗೆನ್‌ಫುಗೆ ಬುದ್ಧಿ ಬಂತು. ತಟಕ್ಕನೆ ಕೈ ಮುಗಿದು ದನಿ ಎತ್ತರಿಸಿದ. "ನೋಡ್ರಪ್ಪಾ! ನಮ್ಮ ಪಂಡಿತ್ರ ಮೂರು ಬೆರಳು! ಹೋಗ್ತಿದ್ದ ಜೀವಾನ ಜುಟ್ಟು ಹಿಡಿದು ಎಳ್ಕೊಂಡು ಬಂದ್ರು!" ಬಾಗಿಲಲ್ಲಿ ಹೌದೌದೆಂಬ ಗುಸುಗುಸು ಎದ್ದಿತು. ಅಮ್ಮನ ಹೊಟ್ಟೆ ಒಣಗಿಸಿ ಮಲಗಿಸಿದ್ದಕ್ಕೆ ಇದಕ್ಕಿಂತ ಒಳ್ಳೆಯ ಮುಚ್ಚಳ ಸಿಗುತ್ತಿರಲಿಲ್ಲ.

ಸುಣ್ಣದಂತೆ ಬಿಳುಪೇರಿದ್ದ ಪಂಡಿತರ ಮುಖಕ್ಕೆ ನಿಧಾನವಾಗಿ ರಂಗು ಬಂತು. ತೋಳಿನ ಮಡಿಕೆ ಇಳಿಸಿಕೊಂಡರು.

"ಸ್ವಲ್ಪ ಕಷ್ಟವಾಯ್ತು," ಅಂದರು.

ಏಳುತ್ತಾ, ಎಂದಿನಂತೆ ನೋಡದೆಯೇ, ದಿಂಬಿನ ಚೀಲವನ್ನು ಮಗಳ ಕಡೆ ಚಾಚಿದರು. ಅವಳು ತೆಗೆದುಕೊಳ್ಳಲಿಲ್ಲ.

"ನೀವೇ ಹೊತ್ಕೊಳ್ಳಿ ಅಪ್ಪಾ. ನಾಳೆಯಿಂದ ಚೀಟೀನೂ ನೀವೇ ಬರ್ಕೊಳ್ಳಿ."

ಚೀಲ ಸ್ವಲ್ಪ ಹೊತ್ತು ಗಾಳಿಯಲ್ಲೇ ಇತ್ತು. ಆಮೇಲೆ ಗೆನ್‌ಫು ಓಡಿಬಂದು ಅದನ್ನು ಎರಡೂ ಕೈಯಲ್ಲಿ ಇಸಿದುಕೊಂಡು, ಪಂಡಿತರನ್ನು ಗಾಡಿಯವರೆಗೆ ಬಿಟ್ಟುಬಂದ.

ಪೇಲಾನ್ ಅಂಗಳದ ಒಲೆಯಿಂದ ತೆಳ್ಳಗೆ ಗಂಜಿ ಬಸಿದಳು. "ಅದು ನೆಂಟ್ರಿಗೆ ಇಟ್ಟಿದ್ದು," ಎಂದು ಅಡುಗೆಯವಳು ಗೊಣಗಿದಳು. ಪೇಲಾನ್ ತಿರುಗಿ ನೋಡಿದ ನೋಟಕ್ಕೆ ಸೌಟು ಬಿಟ್ಟುಕೊಟ್ಟಳು. ಅಜ್ಜಿಯನ್ನು ಹಲಗೆಯಿಂದ ಇಳಿಸಿ, ಹೊಸ್ತಿಲ ಮೇಲೆ ಬಿಸಿಲಿಗೆ ಕೂರಿಸಿ, ಮೊದಲು ಚಮಚದಲ್ಲಿ ಸ್ವಲ್ಪ ಸ್ವಲ್ಪ ಕುಡಿಸಿದಳು. ಅಜ್ಜಿಯ ಗದ್ದದ ಮೇಲೆ ಗಂಜಿ ಇಳಿಯಿತು, ಬಾಯಿಂದ ಹುಳಿ ವಾಸನೆ ಬಂತು, ನಾಲಿಗೆ ಚಮಚವನ್ನು ಹುಡುಕಿಕೊಂಡು ಆಚೆ ಬಂತು. ಪೇಲಾನ್ ಕೈ ಹಿಂದೆ ತೆಗೆಯಲಿಲ್ಲ.

ಹಿರಿಸೊಸೆ ಬಂದು, ಹೆಣದ ಬಟ್ಟೆ ಹಾಕಿಕೊಂಡು ಹೊಸ್ತಿಲಲ್ಲಿ ಕೂರುವುದು ಮನೆಗೆ ಒಳ್ಳೆಯದಲ್ಲ ಎಂದು ಗುಂಡಿ ಬಿಚ್ಚಲು ಹೋದಳು. ಅಜ್ಜಿ ಅವಳ ಕೈ ತಳ್ಳಿದಳು. "ಇರ್ಲಿ ಬಿಡೇ. ಇಷ್ಟು ಬೆಚ್ಚಗಿರೋ ಬಟ್ಟೆ ಈ ಮನೇಲಿ ನಂಗೆ ಯಾವತ್ತು ಹಾಕಿದ್ರಿ?" ಸೊಸೆ ಒಳಗೆ ಹೋದಳು. ಅಜ್ಜಿ ಬಟ್ಟಲನ್ನು ತಾನೇ ಹಿಡಿದುಕೊಂಡು ಅಂಚಿಗೆ ತುಟಿ ಹಚ್ಚಿದಳು.

ಅಷ್ಟರಲ್ಲಿ ಓಣಿಯ ಆ ತುದಿಯಲ್ಲಿ ಗೋಳು ಎದ್ದಿತು. ದೂರದೂರಿಗೆ ಕೊಟ್ಟ ಅಜ್ಜಿಯ ಮಗಳು ಬಸ್ಸಿಳಿದಿದ್ದಳು. ತಾಯಿ ಸತ್ತರೆ ಮಗಳು ತವರಿನ ಮಾಡು ಕಂಡಲ್ಲಿಂದಲೇ ಹಾಡಿ ಅಳುತ್ತಾ ಬರಬೇಕು; ಹಾಗೇ ಬರುತ್ತಿದ್ದಳು. ಅಯ್ಯೋ ನನ್ನವ್ವಾ, ನಾಲಕ್ಕು ಮಕ್ಕಳ ಹಡೆದವ್ವಾ, ತಣ್ಣಗಿನ ಕೂಳು ತಿಂದವ್ವಾ. ಗೆನ್‌ಷುಯಿ ಅವಳನ್ನು ತಡೆಯಲು ಅಂಗಳದಿಂದ ಓಡಿದ. ಪೇಲಾನ್ ಕೂಡ, "ಅಜ್ಜಿ ಇದಾರೆ, ಅಳಬೇಡಿ," ಎಂದು ಕೂಗಲು ಎದ್ದಳು.

ಅಜ್ಜಿ ಅವಳ ಅಂಗಿಯ ಚುಂಗು ಹಿಡಿದು ಜಗ್ಗಿದಳು.

"ಕೂತ್ಕೋ. ಅವನನ್ನೂ ಕರಿ ಹಿಂದಕ್ಕೆ," ಅಂದಳು. ಬಟ್ಟಲನ್ನು ತೊಡೆಯ ಮೇಲಿಟ್ಟು, ನೀಲಿ ತೋಳಿನಿಂದ ಗದ್ದ ಒರೆಸಿಕೊಂಡು, ಓಣಿಯ ಕಡೆ ಕಿವಿ ಕೊಟ್ಟಳು. "ಏನಂತ ಅಳ್ತಾಳೋ ಪೂರ್ತಿ ಕೇಳ್ತೀನಿ."