ಅಪ್ಪ ಹೆಸರಿಟ್ಟ ಗಿಡ

ಅಪ್ಪ ಏನಂದರೂ ‘ಹೌದು’ ಅನ್ನಬೇಕು ಎಂದು ಅವಳು ತಾನು ಮೆಚ್ಚಿದ ಹುಡುಗನಿಗೆ ಗಿಳಿಪಾಠ ಹೇಳಿಕೊಟ್ಟಿದ್ದಳು. ಅಪ್ಪ ಗಡಿಯಾರ ರಿಪೇರಿ ಮಾಡುವವರು, ಅದರ ಭೂತಗನ್ನಡಿ ಸದಾ ಜೇಬಲ್ಲಿ. ಅಲ್ಲ ಅಂದವರನ್ನು ಎದುರಿಗೆ ಕೂರಿಸಿಕೊಂಡು ಊಟದ ಹೊತ್ತು ಮೀರಿದರೂ ವಾದ ಬಿಡದವರು. ಹುಡುಗ ಸಸ್ಯಶಾಸ್ತ್ರ ಓದಿ, ಸಂಸ್ಥೆಯೊಂದರಲ್ಲಿ ಒಣಗಿದ ಎಲೆಗಳನ್ನು ಹಾಳೆಗೆ ಅಂಟಿಸುವವನು. ಮುಖ ನೋಡುವ ಮೊದಲೇ ಅಪ್ಪ ಅವನಿಗೆ ‘ಎಲೆರಾಯ’ ಎಂದು ಹೆಸರಿಟ್ಟಾಗಿತ್ತು. ಇನ್ನು ಅವರು ಮದುವೆಗೆ ಹೂಂ ಅನ್ನುವುದೊಂದೇ ಬಾಕಿ.

ಹುಡುಗ ಮನೆಗೆ ಬಂದ ಬೆಳಗ್ಗೆ ಊರಾಚೆಯ ಕಾಡಿಗೆ ಮೂವರೂ ನಡೆದು ಹೊರಟರು. ಗೋಡೆ ಗಡಿಯಾರದ ಮುಂದೆ ಮೊಬೈಲು ಯಾವ ಲೆಕ್ಕ ಎಂದರು ಅಪ್ಪ. ಹುಡುಗ ಹೌದು ಎಂದ. ಈಗಿನ ಹುಡುಗರಿಗೆ ಮೈ ಬಗ್ಗುವುದಿಲ್ಲ ಎಂದರು. ತಾನೂ ಹುಡುಗನೇ ಎಂಬುದನ್ನು ಮರೆತು ಅದಕ್ಕೂ ಹೌದು ಎಂದ. ಅವಳಿಗೆ ಒಳಗೊಳಗೇ ಹಿಗ್ಗು.

ಮರಗಳು ಒತ್ತಾಗಿ ಬೆಳೆದು ನೆಲಕ್ಕೆ ಬಿಸಿಲೇ ಬೀಳದ ಕಡೆ ಅಪ್ಪ ನಿಂತರು. ಬಂಡೆಯ ಬುಡದಲ್ಲಿ ಮೊಣಕಾಲೆತ್ತರದ ಗಿಡವೊಂದಿತ್ತು. ಎಲೆ ಮೇಲೆ ಹಸಿರು, ಅಡಿಯಲ್ಲಿ ನೇರಳೆ.

“ಇದು ಕತ್ತಲೆಶುಂಠಿ ಅಲ್ವೇ, ಎಲೆರಾಯರೇ?” ಎಂದರು.

ಅವಳು ತಟ್ಟನೆ ತಿರುಗಿ ನೋಡಿದಳು. ಅಪ್ಪನ ಎಡಹುಬ್ಬು ಮೇಲೇರಿತ್ತು, ಅದು ಏರುವುದು ಬುರುಡೆ ಬಿಡುವಾಗ ಮಾತ್ರ. ಕತ್ತಲೆಶುಂಠಿ ಎಂಬ ಗಿಡ ಎಲ್ಲೂ ಇಲ್ಲ. ಹೌದಪ್ಪನೊಬ್ಬನನ್ನು ಹಿಡಿಯಲು ಈಗಷ್ಟೇ ಅಪ್ಪನ ತಲೆಯಲ್ಲಿ ಹುಟ್ಟಿದೆ. ಹುಡುಗ ಹೌದೆಂದರೆ ಸಂಬಂಧಕ್ಕೆ ಎಳ್ಳುನೀರು. ಅವಳು ಕೆಮ್ಮಿದಳು, ಕಣ್ಸನ್ನೆ ಮಾಡಿದಳು. ಆ ಮಹಾರಾಯ ಇತ್ತ ನೋಡಿದರೆ ತಾನೇ? ಗಿಡದ ಮುಂದೆ ಮಂಡಿಯೂರಿದವನಿಗೆ ಮದುವೆಯ ನೆನಪೇ ಇದ್ದಂತಿರಲಿಲ್ಲ.

ಕಾಂಡವನ್ನು ಬೆರಳಲ್ಲಿ ಹೊರಳಿಸಿದ. ಎಲೆ ಉಜ್ಜಿ ಮೂಸಿದ. ಆಮೇಲೆ ತಲೆಯೆತ್ತದೆ ಕೈಚಾಚಿ, “ಸಾರ್, ನಿಮ್ಮ ಭೂತಗನ್ನಡಿ ಕೊಡಿ” ಎಂದ. ಕಣ್ಣಿಗೆ ಸಿಕ್ಕಿಸಿಕೊಳ್ಳುವ ಆ ಗಾಜನ್ನು ಅಪ್ಪ ಹೆಂಡತಿಯ ಕೈಗೂ ಕೊಟ್ಟವರಲ್ಲ. ಇವನು ಕೇಳಿದ ರೀತಿಗೆ ಜೇಬಿನಿಂದ ತೆಗೆದು ಕೊಟ್ಟುಬಿಟ್ಟರು.

“ಅಲ್ಲ ಸಾರ್.”

“ಏನಲ್ಲ?”

“ಇದು ಶುಂಠಿ ಅಲ್ಲ. ಶುಂಠಿ ಕಾಂಡ ಹೀಗೆ ಚೌಕ ಇರಲ್ಲ. ಪುದೀನ ಬಳಗದ್ದು ಅನ್ನೋಣ ಅಂದ್ರೆ ವಾಸನೇನೇ ಇಲ್ಲ.”

“ಹಾಗಾದ್ರೆ ಯಾವ್ದು?”

“ಗೊತ್ತಿಲ್ಲ. ಹೂ ಬಿಟ್ಮೇಲೆ ಬಂದು ನೋಡ್ಬೇಕು.”

“ಬೆಳಗ್ಗಿಂದ ಎಲ್ಲಕ್ಕೂ ಹೌದು ಹೌದು ಅಂತಿದ್ರಲ್ಲ?”

“ಅದು... ಇವಳು ಹೇಳ್ಕೊಟ್ಟಿದ್ಲು” ಎಂದುಬಿಟ್ಟ ಪುಣ್ಯಾತ್ಮ. “ಗಡಿಯಾರದ ವಿಷ್ಯ ನಂಗೇನು ಗೊತ್ತು ಸಾರ್? ಗಿಡದ ವಿಷ್ಯದಲ್ಲಿ ಮಾತ್ರ ಸುಮ್ಮನೆ ಹೌದು ಅನ್ನೋಕೆ ಬಾಯಿ ಬರ್ಲಿಲ್ಲ.”

ಅವಳಿಗೆ ಅವನನ್ನು ಆ ಗಿಡದ ಪಕ್ಕದಲ್ಲೇ ಹೂತುಬಿಡೋಣ ಅನ್ನಿಸಿತು. ಅಷ್ಟೇ ಪ್ರೀತಿಯೂ ಉಕ್ಕಿ ಬಂತು.

ಅಪ್ಪ ಮಗಳತ್ತ ತಿರುಗಿದರು. “ನಿನ್ನ ಮಾತು ಕೇಳ್ತಾನೆ. ಆದ್ರೆ ಎಲ್ಲಾ ಮಾತೂ ಕೇಳಲ್ಲ. ನಿಂಗೆ ಇಂಥವನೇ ಸರಿ.”

ಅವಳು ನಾಚಿ ಬಂಡೆಯ ಕಡೆ ಮುಖ ತಿರುಗಿಸಿದಳು. ಭೂತಗನ್ನಡಿ ಇನ್ನೂ ಹುಡುಗನ ಕಣ್ಣಲ್ಲೇ ಇತ್ತು. ಅಪ್ಪ ಅದನ್ನು ವಾಪಸ್ ಕೇಳಲಿಲ್ಲ.

“ಹೂ ಬಿಡೋದು ಯಾವಾಗಪ್ಪಾ?” ಎಂದು ಅವನನ್ನೇ ಕೇಳಿದರು.

“ಅದೂ ಗೊತ್ತಿಲ್ಲ ಸಾರ್. ಇನ್ನೂ ಮೊಗ್ಗೇ ಬಂದಿಲ್ಲ.”

“ಸರಿ, ಅಷ್ಟರಲ್ಲಿ ಮದುವೆ ಮುಗಿಸ್ಬಿಡೋಣ. ಹೂವನ್ನ ಅಳಿಯನ ಜೊತೇನೇ ಬಂದು ನೋಡ್ತೀನಿ.”