ಸೊನ್ನೆಗಿಂತ ಐದು ಕೆಳಗೆ

ಲಿಫ್ಟಿನಲ್ಲಿ ಚಟ್ಟ ಹಿಡಿಸದ ಕಾರಣ ದೇಹವನ್ನು ಮೆಟ್ಟಿಲಲ್ಲೇ ಇಳಿಸುತ್ತಿದ್ದರು. ಎರಡನೆಯ ತಿರುವಿನಲ್ಲಿ, ಚಟ್ಟದ ಒಂದು ಮೂಲೆ ಹಿಡಿದಿದ್ದ, ಸತ್ತವನ ಹಳೆಯ ಕಂಪನಿಯ ನಿವೃತ್ತ ಮ್ಯಾನೇಜರಿಗೆ ಏದುಸಿರು ಬಂತು.

“ನೀವು ಬಿಡಿ ಸರ್, ನಾನು ಹಿಡ್ಕೋತೀನಿ,” ಎಂದು ಸತ್ತವನ ಮಗಳು ಕೈಹಾಕಿದಳು.

ಕೆಳಗೆ ವ್ಯಾನು ಕಾಯುತ್ತಿತ್ತು. ಸತ್ತವನ ಬಾಮೈದ ನೆರೆಯವರಿಗೆ ಹೇಳುತ್ತಿದ್ದ: “ನಮ್ಮ ಭಾವ ಅಪ್ಪಟ ಚಿನ್ನ. ಹದಿನೆಂಟು ವರ್ಷ ಮಕ್ಕಳಿಗೆ ಕಂಪ್ಯೂಟರ್ ಪಾಠ ಹೇಳ್ಕೊಂಡೇ ಸಂಸಾರ ತೂಗಿಸಿದ್ರು. ಕಂಪನೀಲಿ ಆ ಒಂದು ಎಡವಟ್ಟು ಮಾಡ್ಕೊಳ್ದೆ ಇದ್ದಿದ್ರೆ ಎಲ್ಲೋ ಇರ್ತಿದ್ರು.”

ಮ್ಯಾನೇಜರು ಚಪ್ಪಲಿ ಹುಡುಕುವವರಂತೆ ತಲೆ ತಗ್ಗಿಸಿದರು.

*

ಹದಿನೆಂಟು ವರ್ಷದ ಹಿಂದೆ ಅವನ ಕೈಯಲ್ಲಿದ್ದದ್ದು ಔಷಧದ ಗೋದಾಮಿನ ತಂಪು ನೋಡಿಕೊಳ್ಳುವ ಸಾಫ್ಟ್‌ವೇರ್. ಹಳೆಯ ಕಂಪ್ಯೂಟರುಗಳಲ್ಲಿ ವರ್ಷಗಟ್ಟಲೆ ತಂಟೆಯಿಲ್ಲದೆ ಓಡಿತ್ತು. ಆಮೇಲೆ ಗೋದಾಮಿನವರು ಬೇರೊಂದು ಕಂಪನಿಯ ಪ್ರೊಸೆಸರ್ ಇದ್ದ ಹೊಸ ಕಂಪ್ಯೂಟರು ಕೊಂಡರು.

“ಸರ್, ಸೊನ್ನೆಗಿಂತ ಕೆಳಗಿಳಿದ್ರೆ ಈ ಚಿಪ್ಪಲ್ಲಿ ನಮ್ಮ ಪ್ರೋಗ್ರಾಂ ಮೈನಸ್ಸನ್ನೇ ನುಂಗುತ್ತೆ. ಮೈನಸ್ ಐದು ಡಿಗ್ರೀನ ಇನ್ನೂರ ಐವತ್ತೊಂದು ಡಿಗ್ರಿ ಅನ್ನುತ್ತೆ. ಹತ್ತು ದಿನ ಕೊಡಿ, ಒಂದೊಂದು ಸಾಲೂ ನೋಡ್ತೀನಿ,” ಎಂದಿದ್ದ ಅವನು.

“ಅಲ್ಲಿ ಓಡಿದ್ದು ಇಲ್ಲಿ ಓಡಲ್ವೇನಯ್ಯಾ? ನಾಳೆ ಕಳಿಸ್ತೀನಿ ಅಂತ ಮಾತು ಕೊಟ್ಟಾಗಿದೆ.”

ಅವನು ಅದನ್ನೇ ಕಾಗದದಲ್ಲಿ ಬರೆದುಕೊಟ್ಟ. ಮ್ಯಾನೇಜರು ಡ್ರಾಯರಿಗೆ ತಳ್ಳಿದರು.

ವಾರ ತುಂಬಿರಲಿಲ್ಲ. ಕೊರೆಯುವ ಕೋಣೆಯನ್ನು ಕುಲುಮೆಯೆಂದು ತಿಳಿದ ಕಂಪ್ಯೂಟರು ತಂಪು ಮಾಡಿಸುತ್ತಲೇ ಹೋಗಿ, ಮೋಟರು ಸುಟ್ಟು ನಿಂತಿತು. ಔಷಧವೆಲ್ಲ ಹಾಳಾಯಿತು. ವಿಚಾರಣೆಯಲ್ಲಿ ಮ್ಯಾನೇಜರು, “ಪರೀಕ್ಷೆ ಮಾಡಬೇಕಾದವನು ಅವನು,” ಎಂದುಬಿಟ್ಟರು. ಕಾಗದವನ್ನು ಆಗಲೇ ಹರಿದುಹಾಕಿದ್ದರು. ಅವನು ಮೇಜಿನ ಆಚೆಯಿಂದ ಇವರನ್ನೇ ನೋಡಿದ; ಇವರೇ ಬಾಯಿಬಿಡಲಿ ಎಂದು ಕಾದ. ಕೊನೆಗೆ ಕುರ್ಚಿ ಸರಿಸಿ ಎದ್ದುಹೋದ.

*

“ಅಪ್ಪಂಗೆ ನಿಜವಾಗ್ಲೂ ಆ ತಪ್ಪು ಗೊತ್ತಾಗ್ಲಿಲ್ವಾ ಸರ್?” ಮಗಳು ಪಕ್ಕಕ್ಕೆ ಬಂದು ನಿಂತಿದ್ದಳು. “ಕೇಳಿದಾಗೆಲ್ಲ ನಕ್ಕು ಸುಮ್ನಾಗ್ತಿದ್ರು.”

“ಗೊತ್ತಿತ್ತಮ್ಮ. ಬರೆದೂ ಕೊಟ್ಟಿದ್ದ. ಹರಿದು ಹಾಕಿದೋನು ನಾನು.”

ಅವಳು ಒಮ್ಮೆ ವ್ಯಾನಿನತ್ತ ನೋಡಿದಳು.

“ಹೋದ ಭಾನುವಾರದವರೆಗೂ ಅಪ್ಪಂಗೆ ಮಾತು ಅರ್ಥ ಆಗ್ತಿತ್ತು ಸರ್,” ಎಂದಳು. “ಈಗ ನನಗೊಬ್ಬಳಿಗೆ ಹೇಳಿ ಏನು ಬಂತು? ಮಾವ ಅಲ್ಲೇ ಇದಾರೆ. ಎಲ್ರೂ ಇದಾರೆ.”

ವ್ಯಾನಿನ ಬಾಗಿಲು ಮುಚ್ಚಿತು. ಇಂಜಿನ್ನು ಗುರುಗುಟ್ಟಿತು. ಮ್ಯಾನೇಜರು ನಾಲ್ಕು ಹೆಜ್ಜೆ ಮುಂದೆ ಹೋಗಿ ಕೈಯೆತ್ತಿದರು. “ಒಂದು ಮಾತು...”

ಯಾರಿಗೂ ಕೇಳಿಸಲಿಲ್ಲ. ತನಗೇ ನಿಲ್ಲಿಸಲು ಸನ್ನೆ ಮಾಡಿದರೆಂದುಕೊಂಡ ಡ್ರೈವರು ಇಂಜಿನ್ನು ಆರಿಸಿದ. ಅಂಗಳದಲ್ಲಿ ಸದ್ದಡಗಿತು. ಬಾಮೈದ, ನೆರೆಯವರು, ಪಾಠ ಕಲಿತ ಮಕ್ಕಳು, ಎಲ್ಲರೂ ಮೇಲೆತ್ತಿದ್ದ ಆ ಕೈಯತ್ತ ತಿರುಗಿದರು.