ಕುಣಿಯದ ನೀರು

ಅಳಿಯನ ಜೊತೆ ಬೀಗರು ರೈಲು ನೋಡಲು ಬರುತ್ತಾರೆಂದು ಗೊತ್ತಾದಾಗಿನಿಂದ ಫೈರ್‌ಮನ್ನನ ಕಾಲು ನೆಲದ ಮೇಲಿರಲಿಲ್ಲ. ವಾರವಿಡೀ ಔಷಧಿ ಅಂಗಡಿಯಲ್ಲಿ ಮಾತ್ರೆ ಕತ್ತರಿಸಿ ಕೊಡುವ ಅವನು, ಭಾನುವಾರ ಮಾತ್ರ ನೀಲಿ ಅಂಗಿ ತೊಟ್ಟು, ಪ್ರವಾಸಿಗರಿಗೆಂದು ಉಳಿಸಿಕೊಂಡಿದ್ದ ಹಳೆಯ ಗುಡ್ಡದ ಹಾದಿಯಲ್ಲಿ ಉಗಿ ಎಂಜಿನ್ನಿಗೆ ಕಲ್ಲಿದ್ದಲು ಹಾಕುತ್ತಿದ್ದ. ಸಂಬಳವಿಲ್ಲ, ಹುಚ್ಚು ಮಾತ್ರ. ಎಂಜಿನ್ನಿನ ಡ್ರೈವರ್ ಅವನ ಅಕ್ಕನ ಗಂಡ. ಹಳಿಯ ಮೇಲೇ ಕೂದಲು ಬೆಳ್ಳಗಾದವರು. ಇವನ ಹೊಣೆ ನನ್ನದು ಎಂದು ಶೆಡ್ಡಿನ ಮೇಲ್ವಿಚಾರಕರಿಗೆ ಮಾತು ಕೊಟ್ಟು ಭಾಮೈದನನ್ನು ಎಂಜಿನ್ ಹತ್ತಿಸಿದ್ದೂ ಅವರೇ.

ಬೆಳಿಗ್ಗೆ ಬೆಂಕಿ ಚೆನ್ನಾಗಿ ಹತ್ತಿದ ಮೇಲೆ ಗಾಜು ಪರೀಕ್ಷಿಸುವುದು ಫೈರ್‌ಮನ್ನನ ಕೆಲಸ. ಬಾಯ್ಲರಿನೊಳಗೆ ನೀರು ಎಷ್ಟಿದೆಯೆಂದು ತೋರಿಸುವ ನೆಟ್ಟನೆಯ ಗಾಜಿನ ಕೊಳವೆ ಅದು. ಮೇಲೊಂದು ನಲ್ಲಿ, ಕೆಳಗೊಂದು ನಲ್ಲಿ. ಎರಡನ್ನೂ ಮುಚ್ಚಿ, ಗಾಜು ಖಾಲಿ ಮಾಡಿ, ಒಂದೊಂದನ್ನೇ ತೆರೆದು ನೋಡಿ, ಕೊನೆಗೆ ಎರಡನ್ನೂ ತೆರೆದಿಡಬೇಕು. ಅವನು ಮೇಲಿನದನ್ನು ತೆರೆದಿದ್ದನಷ್ಟೆ, ಪ್ಲಾಟ್‌ಫಾರಮ್ಮಿನಿಂದ ಬೀಗಿತ್ತಿ ಕೂಗಿದರು. ಫೋಟೋ ಬೇಕಂತೆ. ಮುಖಕ್ಕೆ ಒಂದಿಷ್ಟು ಮಸಿ ಬೇಕೆಂದೇ ಬಳಿದುಕೊಂಡು ಅವನು ಇಳಿದ. ಸಲಿಕೆ ಹಿಡಿದು ಒಂದು, ಅಳಿಯನ ಹೆಗಲ ಮೇಲೆ ಕೈಯಿಟ್ಟು ಇನ್ನೊಂದು. ವಾಪಸು ಹತ್ತುವಷ್ಟರಲ್ಲಿ ಗಾಜಿನಲ್ಲಿ ನೀರು ಕಾಣುತ್ತಿತ್ತು.

ಗಾಜು ನೋಡಿದೆಯಾ ಎಂದು ಭಾವ ಕೇಳಿದರು. ನೋಡಿದೆ ಎಂದ. ಭಾವ ಸೀಟಿ ಹಾಕಿದರು.

ಆ ನೀರು ಬಾಯ್ಲರಿನದಲ್ಲ. ಕೆಳಗಿನ ನಲ್ಲಿ ಮುಚ್ಚೇ ಇತ್ತು. ಮೇಲಿನಿಂದ ಬಂದ ಉಗಿ ತಣಿದು ಹನಿಹನಿಯಾಗಿ ಗಾಜಿನೊಳಗೆ ನಿಂತಿತ್ತು. ಗುಡ್ಡ ಹತ್ತುವಾಗ ಅದು ಏರುತ್ತಲೇ ಹೋಯಿತು. ನೀರು ಧಾರಾಳವಾಗಿದೆಯೆಂದು ಫೈರ್‌ಮನ್ ಬಾಯ್ಲರಿಗೆ ನೀರು ಬಿಡುವುದನ್ನು ನಿಲ್ಲಿಸಿದ. ಇವತ್ತು ಎಂಜಿನ್ ಹಸುವಿನ ಹಾಗಿದೆ ಎಂದು ಜಂಬ ಕೊಚ್ಚಿದ. ಮೊದಲ ಬೋಗಿಯ ಕಿಟಕಿಯಿಂದ ಬೀಗಿತ್ತಿ ಕೈ ಬೀಸಿದಾಗಲೆಲ್ಲ ಇವನೂ ಬೀಸಿದ.

ದೊಡ್ಡ ತಿರುವಿನಲ್ಲಿ ಭಾವ ಗಾಜಿನ ಮೇಲಿಟ್ಟ ಕಣ್ಣನ್ನು ತೆಗೆಯಲಿಲ್ಲ.

"ನೀರು ಯಾಕೋ ಕುಣೀತಿಲ್ಲ?"

ತಿರುವಿನಲ್ಲಿ ಎಂಜಿನ್ ವಾಲಿದರೆ ಗಾಜಿನಲ್ಲಿ ನೀರು ಕುಣಿಯಲೇಬೇಕು. ಇದು ಬಣ್ಣ ಬಳಿದಂತೆ ನಿಂತಿತ್ತು. ಭಾವ ಬ್ರೇಕ್ ಹಾಕಿ, ಬಗ್ಗಿ, ಕೆಳಗಿನ ನಲ್ಲಿ ತಿರುಗಿಸಿದರು. ನೀರು ಒಂದೇ ಸಲ ಜಾರಿ ಕಣ್ಮರೆಯಾಯಿತು. ಬಾಯ್ಲರಿನ ನೀರು ಗಾಜಿನ ಬುಡಕ್ಕಿಂತಲೂ ಕೆಳಗಿಳಿದಿತ್ತು. ಒಲೆಯ ನೆತ್ತಿಯ ಮೇಲೆ ನೀರು ಇಲ್ಲವಾದರೆ ಲೋಹ ಮೆತ್ತಗಾಗಿ ಬಾಯ್ಲರ್ ಸಿಡಿಯುತ್ತದೆ. ಬಿಸಿಯಾದ ನೆತ್ತಿಗೆ ಈಗ ತಣ್ಣೀರು ಬಿಡುವಂತೆಯೂ ಇಲ್ಲ. ಅದರ ಹಿಂದೆಯೇ ಮೊದಲ ಬೋಗಿ.

"ಬೆಂಕಿ ಕೆಡವು," ಎಂದರು ಭಾವ. ಬೈಯಲಿಲ್ಲ.

ಕೆಂಡವನ್ನೆಲ್ಲ ಹಳಿಯ ನಡುವೆ ಕೆಡವಿ, ಸತ್ತ ಎಂಜಿನ್ನಿನ ಪಕ್ಕದಲ್ಲಿ ಇಬ್ಬರೂ ಕೂತರು. ಡೀಸೆಲ್ ಎಂಜಿನ್ ಬಂದು ಎಲ್ಲರನ್ನೂ ಎಳೆದೊಯ್ದಿತು. ಅಷ್ಟರಲ್ಲಿ ಗಾರ್ಡ್, ನೀರು ಕಡಿಮೆಯಾದದ್ದನ್ನು ಎಂಜಿನ್ನಿನವರು ಸಮಯಕ್ಕೆ ಸರಿಯಾಗಿ ಕಂಡುಹಿಡಿದರೆಂದು ಬೋಗಿ ಬೋಗಿಗೂ ಹೇಳಿಯಾಗಿತ್ತು. ಇಳಿದ ಕೂಡಲೇ ಬೀಗರು ಬಂದು ಫೈರ್‌ಮನ್ನನ ಎರಡೂ ಕೈ ಹಿಡಿದುಕೊಂಡರು. ಜೀವ ಉಳಿಸಿದಿರಿ ಎಂದರು. ಅವನು ಕೈ ಬಿಡಿಸಿಕೊಳ್ಳಲಿಲ್ಲ.

ಮೇಲ್ವಿಚಾರಕರು ಅಲ್ಲಿಗೇ ಬಂದು, ಗಾಜು ನೋಡಿದ್ದು ಯಾರು ಎಂದು ಕೇಳಿದರು.

"ಹೊರಡೋ ಮುಂಚೆ ನಾನೂ ನೋಡ್ಬೇಕಿತ್ತು. ನೋಡ್ಲಿಲ್ಲ," ಎಂದರು ಭಾವ. "ತಪ್ಪು ನಂದೇ."

ಹಾಗಾದರೆ ಇನ್ನು ಮುಂದೆ ನಿಮ್ಮನ್ನು ಎಂಜಿನ್ ಹತ್ತಿಸಲಾಗುವುದಿಲ್ಲ ಎಂದರು ಮೇಲ್ವಿಚಾರಕರು, ನೆಲ ನೋಡುತ್ತ. ಭಾವ ಸರಿ ಎಂಬಂತೆ ಟೋಪಿ ತೆಗೆದು ಅವರ ಕೈಗೆ ಕೊಟ್ಟರು. ಟೋಪಿಯ ಅಂಚು ಹಣೆಯ ಮೇಲೆ ಗೆರೆ ಮೂಡಿಸಿತ್ತು. ಫೈರ್‌ಮನ್ನನಿಗೆ ಅದನ್ನು ನೋಡಲಾಗಲಿಲ್ಲ.

"ನಲ್ಲಿ ಮುಚ್ಚಿದ್ದು ನಾನು," ಎಂದ. "ಅರ್ಧಕ್ಕೆ ಬಿಟ್ಟು ಫೋಟೋಗೆ ಇಳಿದೆ. ಭಾವ ಕೇಳಿದಾಗ ನೋಡಿದೆ ಅಂತ ಸುಳ್ಳು ಹೇಳಿದೆ."

ಬೀಗರ ಮುಂದೆ ಇಷ್ಟು ಹೇಳುವಷ್ಟರಲ್ಲಿ ಅವನ ಕಿವಿಯವರೆಗೂ ಬಿಸಿಯೇರಿತ್ತು. ಅವರು ಮುಖ ತಿರುಗಿಸುತ್ತಾರೆಂದು ಕಾದ. ಬೀಗಿತ್ತಿ ನಕ್ಕರು.

"ಒಂದು ನಲ್ಲಿ ತಾನೆ ಬೀಗರೆ? ನಮ್ಮನೇಲಿ ದಿನಾ ಮರೀತೀವಿ. ಎಷ್ಟು ದೊಡ್ಡ ಮನಸ್ಸು ನಿಮ್ದು, ಭಾವನ ತಪ್ಪನ್ನೂ ತಲೆ ಮೇಲೆ ಹಾಕ್ಕೋತೀರಲ್ಲ."

ಮೇಲ್ವಿಚಾರಕರಿಗೆ ಮಾತ್ರ ಅರ್ಥವಾಗಿತ್ತು. ಅವರು ಟೋಪಿಯನ್ನು ಭಾವನ ಕೈಗೇ ವಾಪಸು ಒತ್ತಿ, ಫೈರ್‌ಮನ್ನನತ್ತ ತಿರುಗಿ, ಮುಂದಿನ ಭಾನುವಾರದಿಂದ ಬರುವುದು ಬೇಡ ಎಂದರು.

ಕೊಳಾಯಿಯ ಬಳಿ ಭಾವ ಸೋಪಿನ ತುಂಡನ್ನು ಎಂದಿನಂತೆ ಅರ್ಧ ಮುರಿದು ಅವನಿಗೆ ಕೊಟ್ಟರು.

"ಮರೆತದ್ದಕ್ಕೆ ನಂಗೇನೂ ಇಲ್ಲ ಕಣೋ. ನಾನೂ ಮರೆತಿದ್ದೀನಿ. ನೋಡಿದೆ ಅಂತ ಯಾಕಂದೆ?"

ಅವನು ಕೈ ತಿಕ್ಕುತ್ತಲೇ ಇದ್ದ. ಸಂಜೆ ಭಾವನ ಸ್ಕೂಟರಿನ ಹಿಂದೆ ಕೂತು ಮನೆಗೆ ಹೋಗುವುದು ರೂಢಿ. ಇವತ್ತು ಭಾವ ಒಬ್ಬರೇ ಹೊರಟರು. ಬೀಗರು ಕಾರಿನ ಮುಂದಿನ ಸೀಟಿಗೆ ಹಳೆಯ ಪೇಪರ್ ಹಾಸಿ, ಬಾಗಿಲು ತೆರೆದು ಹಿಡಿದು, ನೀವೇ ಮುಂದೆ ಕೂರಬೇಕೆಂದು ಒತ್ತಾಯ ಮಾಡಿದರು. ಅವನು ಕೂತ. ದಾರಿಯುದ್ದಕ್ಕೂ ಹಿಂದಿನ ಸೀಟಿನಿಂದ ಬೀಗಿತ್ತಿ ಅವನ ಫೋಟೋ ಚೆನ್ನಾಗಿ ಬಂದಿದೆಯೆಂದು ಹೊಗಳುತ್ತಲೇ ಇದ್ದರು.